ಓಗೊಡುವ ಡಬ್ಬಿ

ಮನುಷ್ಯ ಒಬ್ಬನೇ, ಅವನ ಕೂಗು ಮಾತ್ರ ಗುಡ್ಡದ ಸುತ್ತ ಎಲ್ಲ ಕಡೆಯಿಂದ ಕೇಳುತ್ತಿತ್ತು. ಆ ಕೂಗನ್ನು ಡಬ್ಬಿಗಳಿಗೆ ತುಂಬಿದವನು ನಾನು. ತುಂಬಿಸಿದವಳು ನಮ್ಮ ಕಂಪನಿಯ ಯಜಮಾನತಿ, ನನ್ನ ಮಗಳ ವಯಸ್ಸಿನ ಹುಡುಗಿ. ಕಂಪನಿ ಕಟ್ಟಿದ್ದು ಹೇಗೆಂದು ಹೇಳಲು ಈಗ ಅವಳನ್ನು ಕಾಲೇಜುಗಳಿಗೆ ಕರೆಯುತ್ತಾರೆ. ಹೋಗಿ, ಬಿಸಿಲು, ಬ್ಯಾಟರಿ, ಗಿರಾಕಿಯ ಮನಸ್ಸು ಎಂದೆಲ್ಲ ಹೇಳಿ ಬರುತ್ತಾಳೆ. ಆ ಒಂದು ಸಂಜೆಯ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ. ನಾನು ಬರೆಯಲೇ ಎಂದು ಕೇಳಿದೆ. ಬರೆಯಿರಿ, ಆದರೆ ನನ್ನನ್ನು ದೊಡ್ಡ ಜಾಣೆ, ಶಾಣ್ಯಾಕಿ ಮಾಡಬೇಡಿ ಎಂದಳು. ಮಾಡುವುದಿಲ್ಲ. ಸಿಟ್ಟು ಬಂದರೆ ಅವಳು ನನ್ನ ಸೋಲ್ಡರಿಂಗ್ ಕಡ್ಡಿಗಿಂತ ಹೆಚ್ಚು ಸುಡುತ್ತಾಳೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಶೆಡ್ಡು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ. ಪಕ್ಕದ ಗೋದಾಮಿನಲ್ಲಿ ಹೆಂಗಸರು ಸಾಲಾಗಿ ಕೂತು ಕೂದಲು ಬಿಡಿಸುತ್ತಿದ್ದರು. ಮೂಟೆಗಳಲ್ಲಿ ಬಂದ, ಯಾರಯಾರದೋ ತಲೆಯ ಕೂದಲು. ಸಿಕ್ಕು ಬಿಡಿಸಿ, ಉದ್ದ ನೋಡಿ, ಕಟ್ಟು ಕಟ್ಟಿ ಕಳಿಸುವುದು ಅವರ ಕೆಲಸ. ಗಾಳಿ ಬೀಸಿದರೆ ಒಂದೆರಡು ಎಳೆ ನನ್ನ ಮೇಜಿಗೆ ಹಾರಿಬಂದು ಸೋಲ್ಡರಿಗೆ ಸಿಕ್ಕು ಸುಟ್ಟ ವಾಸನೆ ಬರುತ್ತಿತ್ತು. ಯಾರದೋ ಮೈಯಿಂದ ಬೇರೆಯಾದದ್ದು ಊರೂರು ತಿರುಗಿ ಮತ್ತಾರದೋ ತಲೆಯ ಮೇಲೆ ಕೂರುತ್ತದಲ್ಲ ಎಂದು ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತು. ನಾವು ಮಾಡಲು ಹೊರಟ ಕೆಲಸವೂ ಅಂಥದ್ದೇ ಎಂದು ಆಗ ಹೊಳೆದಿರಲಿಲ್ಲ.

ನಮ್ಮ ಸರಕು ಹೊಲಕ್ಕೆ ನುಗ್ಗುವ ಪ್ರಾಣಿಗಳನ್ನು ಓಡಿಸುವ ಡಬ್ಬಿ. ಒಂದು ಕಂಬ, ತುದಿಯಲ್ಲಿ ಸಣ್ಣ ಸೋಲಾರ್ ಹಲಗೆ, ಅದರ ಕೆಳಗೆ ಬ್ಯಾಟರಿ, ಬಿಸಿ ಮೈಯ ಪ್ರಾಣಿ ಎದುರು ಹಾದರೆ ಹಿಡಿಯುವ ಸೆನ್ಸರು, ಮೈಕ್‌ಸೆಟ್ಟಿನವರು ಬಳಸುವಂಥ ಚಿಕ್ಕ ಹಾರ್ನು. ಹಗಲಲ್ಲಿ ಬೆಳಕು ಬಿದ್ದಾಗ ಡಬ್ಬಿ ಮಲಗುತ್ತದೆ, ಮುಸ್ಸಂಜೆಗೆ ತಾನೇ ಎದ್ದು ಕೂಗುತ್ತದೆ, ಆಮೇಲೆ ರಾತ್ರಿಯೆಲ್ಲ ಆಗಾಗ, ಪ್ರಾಣಿ ಹಾದಾಗಲೆಲ್ಲ. ಯಜಮಾನತಿಯದು ಒಂದೇ ಹಟ: ಡಬ್ಬಿ ನೆಡುವ ಮೊದಲು ಆ ಹೊಲದಲ್ಲಿ ನಾವೇ ಕಾವಲು ಕೂರಬೇಕು. ಟೀವಿ, ರೇಡಿಯೋ ರಿಪೇರಿ ಮಾಡಿಕೊಂಡು ಫ್ಯಾನಿನ ಕೆಳಗೆ ಕೂತಿದ್ದ ನನ್ನನ್ನು ಅವಳು ಈ ವಯಸ್ಸಿನಲ್ಲಿ ಹೊಲದ ಕಾವಲಿನ ಅಟ್ಟ ಹತ್ತಿಸಿದಳು.

ಮೊದಮೊದಲು ಎಲ್ಲ ಕೆಟ್ಟಿತು. ಕುಷ್ಟಗಿ ಕಡೆಯ ಶೇಂಗಾ ಹೊಲದಲ್ಲಿ ಸೈರನ್ ಹಾಕಿದೆವು. ಹಂದಿಗಳು ಕೆಲವು ದಿನ ಓಡಿದವು, ಆಮೇಲೆ ಅದು ಕೂಗಿದೊಡನೆ ಬರಲು ಕಲಿತವು. ನಿಮ್ಮ ಡಬ್ಬಿ ನಮ್ಮ ಹಂದಿಗಳಿಗೆ ಬಿಸಿಯೂಟದ ಗಂಟೆ ಆಗಿದೆ ಎಂದು ಹೊಲದವರು ನಕ್ಕರು. ಯಲಬುರ್ಗಾ ಕಡೆ ನಾಯಿ ಬೊಗಳುವ ಸದ್ದು ಇಟ್ಟೆವು. ಹಂದಿ ಹೆದರಲಿಲ್ಲ, ಊರ ನಾಯಿಗಳೆಲ್ಲ ಜಗಳಕ್ಕೆ ಬಂದು ಕಂಬ ಬೀಳಿಸಿದವು. ಶ್ರೀರಾಮನಗರದ ಭತ್ತದ ಗದ್ದೆಯಲ್ಲಿ ಗುಂಡಿನ ಸದ್ದು ಹಾಕಿದಾಗ ಹಕ್ಕಿಗಳು ಹಾರ್ನಿನ ಮೇಲೆಯೇ ಕೂತವು. ಅವಳು ಮಾತಾಡದೆ ಡಬ್ಬಿಗಳನ್ನು ಕಿತ್ತು ಗಾಡಿಗೆ ಹಾಕಿಸುತ್ತಿದ್ದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ದಾರಿ ಸಿಕ್ಕಿದ್ದು ಗಂಗಾವತಿ ತಾಲ್ಲೂಕಿನ ಅಂಚಿನ ಒಂದು ಗುಡ್ಡದ ಊರಿನಲ್ಲಿ. ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ, ನಡುವೆ ಕರಡಿಗಳ ಗವಿ. ಸುತ್ತಲೂ ಶೇಂಗಾ, ಮೆಕ್ಕೆಜೋಳದ ಹೊಲ. ಅಲ್ಲಿ ಕಾವಲಿಗೆ ಒಂದು ಪದ್ಧತಿ ಇತ್ತು. ಮುಸ್ಸಂಜೆಯಾದೊಡನೆ ಒಂದು ಅಟ್ಟದಿಂದ ಒಬ್ಬ "ಹೋಯ್" ಎಂದು ಕೂಗುತ್ತಾನೆ. ಮುಂದಿನ ಹೊಲದವನು "ಓ, ಬಂದೆ ತಡಿ" ಎಂದು ಓಗೊಡುತ್ತಾನೆ. ಅದನ್ನು ಕೇಳಿ ಅದರಾಚೆಯವನು. ಹೀಗೆ ಕೂಗು ಗುಡ್ಡವನ್ನು ಒಂದು ಸುತ್ತು ಹಾಕಿ ಮೊದಲಿನವನ ಕಿವಿಗೆ ಮರಳುತ್ತದೆ. ಸುತ್ತಲೂ ಜನ ಇದ್ದಾರೆಂದು ಕರಡಿಗೆ ತಿಳಿಯುತ್ತದೆ. ಯಾವ ಹೊಲದಿಂದ ಓಗೊಡುವ ದನಿ ಬರಲಿಲ್ಲವೋ ಅಲ್ಲಿಗೆ ಉಳಿದವರು ಬ್ಯಾಟರಿ ದೀಪ, ಬಡಿಗೆ ಹಿಡಿದು ಓಡುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ, ಓಡುವುದಷ್ಟೇ.

ಆ ಕಾವಲುಗಾರರಲ್ಲಿ ಒಬ್ಬನ ದನಿ ಉಳಿದವರದಕ್ಕಿಂತ ಬೇರೆಯೇ ಇತ್ತು. ಸಣಕಲು ಆಳು, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ಕೂಗಿದನೆಂದರೆ ಬಂಡೆಗಳು ಅದನ್ನು ಕೈಯಿಂದ ಕೈಗೆ ದಾಟಿಸಿದಂತೆ ಆಚೆ ಬದಿಗೆ ಮುಟ್ಟುತ್ತಿತ್ತು. ಡಬ್ಬಿಗೆ ಇವನ ದನಿ ಬೇಕು ಎಂದು ಯಜಮಾನತಿ ಅಲ್ಲೇ ತೀರ್ಮಾನಿಸಿದಳು. ಶೆಡ್ಡಿಗೆ ಕರೆತಂದು ಮೈಕ್ ಮುಂದೆ ಕೂರಿಸಿದರೆ ಅವನ ಬಾಯೇ ಏಳಲಿಲ್ಲ. ಗೋಡೆ ನೋಡಿಕೊಂಡು ಹೇಗೆ ಕೂಗಲಿ, ಎದುರಿಗೆ ಗುಡ್ಡ ಬೇಕು ಎಂದ. ಬೆಳಗಿನ ಜಾವ ಅಟ್ಟದ ಮೇಲೆಯೇ ಹಿಡಿದೆವು. ಎತ್ತರಿಸಿ, ಇಳಿಸಿ, ಸಿಟ್ಟಿನಿಂದ, ನಿದ್ದೆಗಣ್ಣಿನಲ್ಲಿ, ಬೇರೆ ಬೇರೆ ಥರದ "ಹೋಯ್", ಬೇರೆ ಬೇರೆ ಥರದ "ಬಂದೆ ತಡಿ".

ಡಬ್ಬಿಗಳು ಒಂದಕ್ಕೊಂದು ಓಗೊಡುವಂತೆ ಮಾಡುವುದು ನನ್ನ ಪಾಲಿನ ಕೆಲಸ. ಡಬ್ಬಿಯಲ್ಲಿ ಮೊಬೈಲ್ ಸಿಮ್ ಇತ್ತು, ಆದರೆ ಬಂಡೆಗಳ ನಡುವೆ ಸಂದೇಶ ತಡವಾಗಿ ಹೋಗುತ್ತಿತ್ತು. ಅದಕ್ಕೇ ಪ್ರತಿ ಡಬ್ಬಿಗೂ ಒಂದು ಕಿವಿ ಇಟ್ಟೆ. ಸಣ್ಣ ಮೈಕು, ಅದರ ಹಿಂದೆ ಅವನ ದನಿಯ ಎತ್ತರಕ್ಕೆ ಮಾತ್ರ ತೆರೆದುಕೊಳ್ಳುವ ಜರಡಿ. ಟ್ರ್ಯಾಕ್ಟರಿಗೆ, ನಾಯಿಗೆ, ಬೇರೆ ಜನರ ಕೂಗಿಗೆ ಅದು ಕಿವುಡು. ಅವನ ದನಿ ಬಿದ್ದರೆ ಕ್ಷಣ ತಡೆದು "ಓ, ಬಂದೆ ತಡಿ" ಎನ್ನುತ್ತದೆ. ಮೊದಲ ಸಲ ಹಚ್ಚಿದಾಗ ಎರಡು ಡಬ್ಬಿಗಳು ಒಂದನ್ನೊಂದು ಕೇಳಿಸಿಕೊಂಡು, ಬಂದೆ ಬಂದೆ ಎಂದು ಬೆಳಗಾಗುವತನಕ ಬಿಡದೆ ಕೂಗಿದವು. ಕರೆದವರು ಯಾರೂ ಇರಲಿಲ್ಲ. ನಗು ಬರಬೇಕಾದ ತಪ್ಪು. ನನಗೆ ನಗು ಬರಲಿಲ್ಲ. ಒಂದು ಕೂಗಿಗೆ ಒಂದೇ ಸಲ ಓಗೊಡುವಂತೆ ತಿದ್ದಿದೆ.

ಊರಿನ ಒಬ್ಬ ಮುದುಕಿ ಕಂಬದ ಹತ್ತಿರ ಬಂದು ಯಜಮಾನತಿಯನ್ನು ಕೇಳಿದಳು: "ಯವ್ವಾ, ನಿಮ್ಮ ಡಬ್ಬಿ ಎಷ್ಟ ಸಲ ಕೂಗತೈತಿ? ದೆವ್ವ ಗುರ್ತಿನವರ ದನಿಲೇ ಕರಿತೈತಿ, ಆದ್ರ ಮೂರ ಸಲ ಕರಿಯಂಗಿಲ್ಲ. ಮೂರ ಸಲ ಕರದ್ರ ಮನಶ್ಯಾ ಅಂತ ತಿಳೀಬೇಕು." ಆ ಊರಿನಲ್ಲಿ ಕತ್ತಲಾದ ಮೇಲೆ ಮೂರನೆಯ ಕರೆಗೇ ಬಾಗಿಲು ತೆಗೆಯುವುದು. ಯಜಮಾನತಿ ಜನರ ಮಾತಿಗೆ ಬೆಲೆ ಕೊಡುವವಳು. ಹಾಗಾದರೆ ಮೂರು ಸಲ ಕೂಗಲಿ ಎಂದಳು. ಮೂರಕ್ಕೇ ಹೊಂದಿಸಿದೆ. ಮುದುಕಿ ಸಮಾಧಾನದಿಂದ ಹೋದಳು.

ಎಲ್ಲ ಕಂಬ ನೆಟ್ಟ ಸಂಜೆ ಊರಿಗೆ ಊರೇ ಮಾಳಿಗೆ ಹತ್ತಿ ನಿಂತಿತ್ತು. ಮೊದಲ ಡಬ್ಬಿ ಕೂಗಿತು, ಮುಂದಿನದು ಓಗೊಟ್ಟಿತು, ದನಿ ಗುಡ್ಡ ಸುತ್ತಿ ಬಂತು. ಜನ ನಕ್ಕರು, ಕಾವಲುಗಾರನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನೊಬ್ಬ ಮಾತ್ರ ತಲೆ ವಾರೆ ಮಾಡಿ ಕೇಳುತ್ತ ನಿಂತಿದ್ದ. ಹೇಗಿದೆ ಎಂದು ಕೇಳಿದೆ.

"ಛಲೋ ಅದಾನ್ರಿ ಮೇಸ್ತ್ರಿ. ನನಗಿಂತ ಭಾಳ ಛಲೋ ಕೂಗ್ತಾನ," ಎಂದ.

ಕರಡಿ ಬರುವುದು ನಿಂತಿತು. ಗಂಡಸರು ಅಟ್ಟ ಬಿಟ್ಟು ಮನೆಯಲ್ಲಿ ಮಲಗತೊಡಗಿದರು. ಅಟ್ಟಗಳ ಹಲಗೆಗಳು ಒಂದೊಂದಾಗಿ ಒಲೆಗೆ ಹೋದವು. ಕಾವಲುಗಾರನಿಗೆ ಯಜಮಾನತಿ ಡಬ್ಬಿಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟಳು. ಸೋಲಾರ್ ಹಲಗೆಯ ಧೂಳು ಒರೆಸುವುದು, ಹಾರ್ನಿನಲ್ಲಿ ಗೂಡು ಕಟ್ಟಿದ ಕಣಜ ತೆಗೆಯುವುದು. ಅವನು ಎಲ್ಲಿಗೆ ಹೋದರೂ ರಾತ್ರಿಯೆಲ್ಲ ಅವನ ದನಿ ಊರಲ್ಲೇ ಇರುತ್ತಿತ್ತು. ಈಗ ಒಬ್ಬಳೇ ಮಲಗಲು ಹೆದರಿಕೆಯಿಲ್ಲ, ಕೂಗು ಕೇಳುತ್ತ ಹಾಯಾಗಿ ನಿದ್ದೆ ಬರುತ್ತದೆ ಎಂದು ಅವನ ಹೆಂಡತಿ ಹೇಳಿದಳು. ಆ ಮಾತನ್ನು ಯಜಮಾನತಿ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು. ಅದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ?

ಆ ಮಾತು ಕೇಳಿಯೇ ಬೆಂಗಳೂರಿನಿಂದ ಬಂಡವಾಳ ಹಾಕುವವರು ಬರಲು ಒಪ್ಪಿದ್ದು. ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು. ಅವರು ಹ್ಞೂಂ ಅಂದರೆ ಡಬ್ಬಿ ಎಷ್ಟೋ ತಾಲ್ಲೂಕುಗಳಿಗೆ ಹೋಗುತ್ತಿತ್ತು. ಊಹೂಂ ಅಂದರೆ ಶೆಡ್ಡಿಗೆ ಬೀಗ. ಇದು ಯಜಮಾನತಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾವಲುಗಾರನ ಮನೆಯ ಮಾಳಿಗೆಯ ಮೇಲೆ ಅವರನ್ನು ಕೂರಿಸಿ ಮುಸ್ಸಂಜೆಯ ಕೂಗು ಕೇಳಿಸುವುದೆಂದು ಏರ್ಪಾಡಾಗಿತ್ತು.

ನಾವು ಹೋಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಾಗಿಲಲ್ಲಿ ನಿಂತ ಅವನ ಹೆಂಡತಿ ನಮ್ಮ ಗಾಡಿಯೊಳಗೆ ಇಣುಕಿ ನೋಡಿದಳು.

"ಇವ್ರು ನಿಮ್ಮ ಕೂಡ ಬರಲಿಲ್ಲೇನ್ರಿ?"

ಕಾವಲುಗಾರ ಇಲ್ಲೇ ಇದ್ದಾನೆಂದು ನಾವು ಬಂದಿದ್ದೆವು. ಅವಳು ಅವನು ನಮ್ಮ ಹತ್ತಿರ ಇದ್ದಾನೆಂದು ತಿಳಿದಿದ್ದಳು. ನಿನ್ನೆ ಮಧ್ಯಾಹ್ನ ಡಬ್ಬಿ ಒರೆಸಲೆಂದು ಗುಡ್ಡಕ್ಕೆ ಹೋದವನು, ಹಾಗೇ ಆಚೆ ಇಳಿದು ಬಸ್ಸು ಹಿಡಿದು ಭಾಗ್ಯನಗರಕ್ಕೆ ಬಂದಿರಬೇಕು, ಎಷ್ಟೋ ಸಲ ಹಾಗೆ ಮಾಡಿದ್ದಾನೆ ಎಂದಳು. ಫೋನು ಹಚ್ಚಿದರೆ ಬಂದ್ ಇತ್ತು. ಗುಡ್ಡದಲ್ಲಿ ಫೋನು ಬಂದ್ ಇರುವುದು ಹೊಸದಲ್ಲ. ಕನಕಗಿರಿಯ ನೆಂಟರ ಮನೆಗೇನಾದರೂ ಹೋದನೇ ಎಂದು ಯಜಮಾನತಿ ಇಬ್ಬರು ಮೂವರನ್ನು ವಿಚಾರಿಸಿದಳು. ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಂಡವಾಳದವರು ಮಾಳಿಗೆ ಹತ್ತಿ ಕೂತಿದ್ದರು. ಬೆಳಕು ಸರಿಯುತ್ತಿತ್ತು.

ಡಬ್ಬಿಗಳು ಎದ್ದವು. ಪಶ್ಚಿಮದ ಬಂಡೆಗಳ ಕಡೆಯಿಂದ ಮೊದಲ "ಹೋಯ್" ಬಂತು. ಮೂರು ಸಲ. ಪಕ್ಕದ ಡಬ್ಬಿ "ಓ, ಬಂದೆ ತಡಿ" ಎಂದಿತು. ಅದನ್ನು ಕೇಳಿ ಅದರಾಚೆಯದು. ದನಿ ಗುಡ್ಡ ಸುತ್ತಿ ಬಂತು, ಬರುವುದರೊಳಗೆ ಮತ್ತೆ ಪಶ್ಚಿಮದಿಂದ ಹೊಸ ಕೂಗು. ಬಂಡವಾಳದ ಹೆಣ್ಣುಮಗಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಅವಳ ಜೊತೆಯವನು ಮೊಬೈಲಿನಲ್ಲಿ ಹಿಡಿದುಕೊಂಡ. ಆ ಪಶ್ಚಿಮದ ಡಬ್ಬಿ ಉಳಿದವುಗಳಿಗಿಂತ ಜೀವಂತವಾಗಿದೆ, ಕೊರಳು ಒಡೆದಂತೆ ಕೇಳುತ್ತದೆ, ಎಲ್ಲವನ್ನೂ ಹಾಗೇ ಮಾಡಬಹುದೇ ಎಂದು ಕೇಳಿದ. ಯಜಮಾನತಿ ನನ್ನ ಮುಖ ನೋಡಿದಳು. ಇವತ್ತು ಯಾಕೆ ಇಷ್ಟೊಂದು ಕೂಗು, ಕರಡಿ ಬಂದಿದೆಯೇನು ಎಂದು ನಾನು ಯೋಚಿಸುತ್ತಿದ್ದೆ.

ಚಹಾದ ತಟ್ಟೆ ಹಿಡಿದು ಹತ್ತಿ ಬಂದ ಕಾವಲುಗಾರನ ಹೆಂಡತಿ ನನ್ನ ಪಕ್ಕದಲ್ಲಿ ಬಗ್ಗಿ, ಬಂದವರಿಗೆ ಕೇಳಿಸದಂತೆ ಹೇಳಿದಳು.

"ಮೇಸ್ತ್ರಿ, ಆ ಕಡೀದು ಕೆಟ್ಟೈತಿ ಅನಸ್ತೈತ್ರಿ. ನಿನ್ನಿ ರಾತ್ರಿ ಬಿಡಲಾರದ ಕೂಗ್ತು. ಇವತ್ತ ಹಗಲಿನಾಗೂ ಕೂಗಾಕತ್ತಿತ್ತು."

ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟೆ. ಹಗಲಲ್ಲಿ ಡಬ್ಬಿ ಕೂಗಲಾರದು. ಬೆಳಕು ಬಿದ್ದರೆ ಹಾರ್ನಿಗೆ ಕರೆಂಟೇ ಹೋಗದಂತೆ ತಂತಿ ಹಾಕಿದವನು ನಾನೇ. ಕೆಟ್ಟರೆ ಸುಮ್ಮನಾಗುತ್ತದೆ, ಕೂಗುವುದಿಲ್ಲ. ಊರಲ್ಲಿ ಎಲ್ಲರೂ ಹಗಲೆಲ್ಲ ಕೇಳಿದ್ದರು. ಹುಡುಗರು ಆ ಕಡೆ ಮುಖ ಮಾಡಿ ಅಣಕಿಸಿ ಕೂಗಿ ನಕ್ಕಿದ್ದರಂತೆ.

ಯಜಮಾನತಿಯ ಕಿವಿಯಲ್ಲಿ ಹೇಳಿದೆ. ಅವಳು ಒಂದು ಕ್ಷಣ ಗುಡ್ಡದ ಕಡೆ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕಾಕಾ, ಡಬ್ಬಿ ಎಲ್ಲಾ ಬಂದ್ ಮಾಡ್ರಿ."

"ಈಗ ಬಂದ್ ಮಾಡಿದ್ರ ನಾಳಿ ಸಂಜಿತನಕ ಏಳಂಗಿಲ್ಲವ್ವಾ. ಇವರು ಇನ್ನೂ ಪೂರಾ ಕೇಳಿಲ್ಲ."

"ಏಳೋದು ಬ್ಯಾಡ. ಬಂದ್ ಮಾಡ್ರಿ."

ಮೊಬೈಲಿನಿಂದ ಸಂದೇಶ ಕಳಿಸಿದೆ. ಬಂಡೆಗಳ ನಡುವೆ ಅದು ಒಂದೊಂದು ಡಬ್ಬಿಗೂ ತಡವಾಗಿ ಮುಟ್ಟುತ್ತದೆ. ಮೊದಲು ಊರಿನ ಪಕ್ಕದ್ದು ನಿಂತಿತು. ಆಮೇಲೆ ಕೆರೆಯ ಕಡೆಯದು, "ಬಂದೆ" ಎಂದದ್ದು "ತಡಿ" ಎನ್ನಲಿಲ್ಲ. ಒಂದೊಂದಾಗಿ ಗುಡ್ಡದ ಸುತ್ತಿನ ದನಿಗಳು ಆರಿದವು. ಪ್ರತಿಯೊಂದೂ ಮಲಗುವ ಮುನ್ನ ನನ್ನ ಮೊಬೈಲಿಗೆ ಉತ್ತರ ಕಳಿಸುತ್ತದೆ. ಎಲ್ಲವೂ ಮಲಗಿದವು. ಕೊನೆಯ ಉತ್ತರ ಬಂದ ಮೇಲೂ ಪಶ್ಚಿಮದ ಬಂಡೆಗಳಲ್ಲಿ ಒಂದು ದನಿ ಉಳಿಯಿತು.

"ಹೋಯ್."

ಹಾರ್ನಿನ ತಗಡಿನ ಕಂಪನ ಅದರಲ್ಲಿ ಇರಲಿಲ್ಲ. ಅವನ ಹೆಂಡತಿಯ ಕೈಯಿಂದ ತಟ್ಟೆ ಬಿತ್ತು. ಅವಳು ಮೆಟ್ಟಿಲು ಇಳಿದದ್ದನ್ನು ನಾನು ನೋಡಲಿಲ್ಲ. ನೋಡಿದಾಗ ಹೊಲದ ಬದುವಿನ ಮೇಲೆ ಓಡುತ್ತಿದ್ದಳು.

ಊರಿನ ಗಂಡಸರು ಹಾರೆ, ಹಗ್ಗ, ಬ್ಯಾಟರಿ ಹಿಡಿದು ಬಂದರು. ಬಂಡೆ ಹತ್ತುತ್ತ ಎಲ್ಲರೂ ಗಂಟಲು ಹರಿಯುವಂತೆ ಬಂದ್ವೋ, ಬಂದ್ವೋ ಎಂದು ಕೂಗಿದೆವು. ನಾವು ಕೂಗಿದೊಡನೆ ಅವನ ದನಿ ನಿಂತುಹೋಯಿತು. ಜೀವವೇ ಹೋಯಿತೇನೋ ಎಂದುಕೊಂಡೆ. ಇಷ್ಟು ಬಂಡೆಗಳಲ್ಲಿ ದನಿಯಿಲ್ಲದವನನ್ನು ಎಲ್ಲಿ ಹುಡುಕುವುದು? ಯಜಮಾನತಿಗೆ ಮೊದಲು ಹೊಳೆಯಿತು. ಯಾರೂ ಕೂಗಬೇಡಿ, ಓಗೊಡುವ ದನಿಯನ್ನು ಅವನು ಇನ್ನು ನಂಬುವುದಿಲ್ಲ, ಬೆಳಕು ಮಾತ್ರ ತೋರಿಸಿ ಎಂದಳು. ಬಾಯಿ ಮುಚ್ಚಿಕೊಂಡು, ಬ್ಯಾಟರಿಗಳನ್ನು ಮೇಲೆ ಹಿಡಿದು ಹತ್ತಿದೆವು. ಕಲ್ಲಿಗೆ ಕಾಲು ತಾಗುವ ಸದ್ದು ಬಿಟ್ಟರೆ ಗುಡ್ಡದಲ್ಲಿ ಏನೂ ಇರಲಿಲ್ಲ. ಅಷ್ಟು ಹೆದರಿಕೆ ನನಗೆ ಆಮೇಲೆ ಎಂದೂ ಆಗಿಲ್ಲ. ಬಹಳ ಹೊತ್ತಿನ ಮೇಲೆ, ಹತ್ತಿರದಲ್ಲೇ, ಯಾರೋ ಕಲ್ಲಿನಿಂದ ಕಲ್ಲು ಕುಟ್ಟಿದರು.

ಎರಡು ಬಂಡೆಗಳ ನಡುವೆ ಅವನ ಕಾಲು ಮೊಣಕಾಲಿನತನಕ ಸಿಕ್ಕಿತ್ತು. ಕೈಯಲ್ಲಿ ಸೋಲಾರ್ ಹಲಗೆ ಒರೆಸುವ ಅರಿವೆ ಇನ್ನೂ ಇತ್ತು. ಮೇಲೆ, ಒಂದಾಳೆತ್ತರದಲ್ಲಿ, ನಮ್ಮ ಡಬ್ಬಿ. ಬ್ಯಾಟರಿಯ ಬೆಳಕು ಬಿದ್ದರೂ ಅವನು ಮಾತಾಡಲಿಲ್ಲ. ನಾನು ಬಗ್ಗಿದಾಗ ಕೈ ಚಾಚಿ ನನ್ನ ಗಲ್ಲ ಮುಟ್ಟಿದ, ಮೂಗು ಮುಟ್ಟಿದ, ಕೂದಲು ಹಿಡಿದು ಜಗ್ಗಿದ. ಮನುಷ್ಯನೇ ಎಂದು ಖಾತ್ರಿಯಾದ ಮೇಲೆ ಅತ್ತ.

ಹಾರೆ ಹಾಕಿ ಬಂಡೆ ಅಲುಗಿಸಿ ಬಿಡಿಸಿದರು, ಕಂಬಳಿಯಲ್ಲಿ ಇಳಿಸಿದರು. ಕೊಪ್ಪಳದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಆ ಕಾಲು ಉಳಿಯಲಿಲ್ಲ. ಯಜಮಾನತಿ ಅಲ್ಲಿಂದ ಕದಲಲಿಲ್ಲ. ಗಂಟಲು ಸ್ವಲ್ಪ ಸರಿಯಾದ ದಿನ ಅವನು ನಮ್ಮಿಬ್ಬರಿಗೂ ಹೇಳಿದ. ಸಿಟ್ಟು ಇರಲಿಲ್ಲ, ತನಗೇ ಅರ್ಥವಾಗದ್ದನ್ನು ಹೇಳುವವನಂತೆ ಹೇಳಿದ.

"ಕಾಲ ಸಿಕ್ಕೈತಿ, ಬರ್ರೆಪಾ ಅಂತ ಎಲ್ಲಾ ಹೇಳಿ ಕೂಗಿದ್ನಿರಿ ಅಕ್ಕಾರ. ಮಾತ ಕಲ್ಲಿಗೆ ಬಡದ ಅಲ್ಲೇ ಉಳಿತಾವ, ಕೂಗ ಒಂದ ಮುಂದ ಹೋಗತೈತಿ. ಸುತ್ತ ಕಡಿಂದ ಬಂದೆ ತಡಿ, ಬಂದೆ ತಡಿ ಅಂದ್ರು. ಅಂದಾವ ನಾನ. ರಾತ್ರೆಲ್ಲಾ ನನಗ ನಾನ ಬರ್ತೀನಿ ಅಂತ ಹೇಳೀನಿ. ನನ್ನ ದಾರಿ ನಾನ ಕಾದೀನಿ."

ಯಜಮಾನತಿ ಎದ್ದು ಹೊರಗೆ ಹೋದಳು.

ಬಂಡವಾಳದವರು ಕೆಟ್ಟವರಲ್ಲ. ಆಸ್ಪತ್ರೆಗೂ ಬಂದು ನೋಡಿ ಹೋದರು. ಆಮೇಲೆ ಫೋನಿನಲ್ಲಿ, ದನಿಯೇ ನಿಮ್ಮ ಸರಕಿನ ಜೀವಾಳ, ಅದನ್ನು ಬಿಡಬೇಡಿ, ಕೂಗುವ ಮೊದಲು ಒಂದು ಟಿಂಗ್ ಸದ್ದು ಸೇರಿಸಿ, ಇದು ಯಂತ್ರ ಎಂದು ಜನರಿಗೆ ಗೊತ್ತಾಗಲಿ, ನಾವು ಈಗಲೂ ಸಿದ್ಧ ಎಂದರು. ಒಪ್ಪಿಕೊ ಎಂದು ನಾನೇ ಹೇಳಿದೆ. ಅವಳ ಉತ್ತರ ಚಿಕ್ಕದು. ಕೇಳುವವರಿಗೆ ಗೊತ್ತಾಗುವುದು ಸಾಲದು, ಕರೆದವನಿಗೆ ಸುಳ್ಳು ಉತ್ತರ ಹೋಗಬಾರದು ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಕಾಲೇಜಿನ ಹುಡುಗರಿಗೆ ನಾನು ಪಾಠ ಹೇಳುವಂತಿದ್ದರೆ ಇದೊಂದನ್ನೇ ಹೇಳುತ್ತಿದ್ದೆ: ಅವಳು ಕಂಪನಿ ಕಟ್ಟಿದ್ದು ಡಬ್ಬಿ ಹಚ್ಚಿದಾಗ ಅಲ್ಲ, ಬಂದ್ ಮಾಡಿಸಿದಾಗ.

ಡಬ್ಬಿಗಳನ್ನೆಲ್ಲ ಕಿತ್ತು ಶೆಡ್ಡಿಗೆ ತಂದೆವು. ಒಂದೊಂದರಿಂದಲೂ ದನಿ ಅಳಿಸುವ ಮೊದಲು ಪರೀಕ್ಷೆಗೆಂದು ಹಚ್ಚಬೇಕಿತ್ತು. ಮೇಜಿನ ಮೇಲೆ ಅವನು ಕೂಗಿದಾಗ ಪಕ್ಕದ ಗೋದಾಮಿನ ಹೆಂಗಸರು ಕೂದಲು ಕೈಯಲ್ಲಿ ಹಿಡಿದು ಕಿಟಕಿಗೆ ಬಂದು, ಯಾರಿಗೆ ಏನಾಯಿತು ಎಂದು ಕೇಳಿದರು. ಇನ್ನೂ ಕಿವಿ ಬಿಚ್ಚಿರದ ಒಂದು ಡಬ್ಬಿ ಮೂಲೆಯಿಂದ "ಓ, ಬಂದೆ ತಡಿ" ಎಂದಿತು. ಅದರ ತಂತಿಯನ್ನು ಕತ್ತರಿಸಿದೆ.

ಈಗಿನ ನಮ್ಮ ಡಬ್ಬಿ ತಗಡು ಬಡಿದಂತೆ ಸದ್ದು ಮಾಡುತ್ತದೆ, ಬೇಕೆಂದೇ ಕರ್ಕಶವಾಗಿ. ಅದರ ಕಿವಿಯನ್ನು ತೆಗೆಯಲಿಲ್ಲ, ಕೆಲಸ ಬದಲಿಸಿದೆವು. ಯಾವ ಮನುಷ್ಯನ ಕೂಗು ಬಿದ್ದರೂ ಡಬ್ಬಿಗಳು ಸುಮ್ಮನಾಗುತ್ತವೆ, ಬೇರೆ ಯಾರೂ ಓಗೊಡದಿದ್ದರೆ ಹತ್ತಿರದ ಮನೆಗಳಿಗೆ ಫೋನು ಹೋಗುತ್ತದೆ. ಕರಡಿ ಒಮ್ಮೊಮ್ಮೆ ಬರುತ್ತದೆ. ಕೊಳ್ಳುವವರು ಒಬ್ಬೊಬ್ಬರಾಗಿ ಬಂದದ್ದರಿಂದ ಶೆಡ್ಡಿಗೆ ಬೀಗ ಬೀಳಲಿಲ್ಲ; ಕಂಪನಿ ಅಲ್ಲೇ ಇದೆ, ದೊಡ್ಡದಾಗಿಲ್ಲ. ಗುಡ್ಡದ ಊರಿನವರು ಹೊಸ ಹಲಗೆ ತಂದು ಅಟ್ಟ ಕಟ್ಟಿಕೊಂಡಿದ್ದಾರೆ.

ಮೊನ್ನೆ ಬ್ಯಾಟರಿ ಬದಲಿಸಲು ಹೋದಾಗ ಕಾವಲುಗಾರನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮುಸ್ಸಂಜೆ. ಗುಡ್ಡದ ಕಡೆ ಒಬ್ಬ ಹುಡುಗನ ಎಳೆಯ "ಹೋಯ್" ಕೇಳಿತು, ಇನ್ನೊಂದು ಕಡೆಯಿಂದ ಯಾರೋ ಓಗೊಟ್ಟರು. ಇವನು ಬಾಯಿ ಬಿಡಲಿಲ್ಲ. ಒಳಗಿನಿಂದ ಅವನ ಹೆಂಡತಿ, ಚಹಾ ಆಗಿದೆ ಎಂದು ಕರೆದಳು. "ಓ" ಎನ್ನಬಹುದಿತ್ತು. ಎನ್ನಲಿಲ್ಲ. ಊರುಗೋಲು ಹುಡುಕಿ, ಗೋಡೆ ಹಿಡಿದು, ನಿಧಾನವಾಗಿ ಎದ್ದು, ಹೊಸ್ತಿಲು ದಾಟಿ ಒಳಗೆ ಹೋಗಿ ಅವಳೆದುರು ನಿಂತ. ಅವಳು ಎರಡನೆಯ ಸಲ ಕರೆಯಲಿಲ್ಲ, ಬಾಗಿಲ ಕಡೆ ನೋಡುತ್ತ ಕಾಯುತ್ತಿದ್ದಳು. ಆ ಮನೆಯಲ್ಲಿ ಈಗ ಯಾರು ಕರೆದರೂ ಯಾರೂ ಓಗೊಡುವುದಿಲ್ಲ. ಬಂದು ನಿಲ್ಲುತ್ತಾರೆ.